ಕಿಲೋಮೀಟರ್ ಲೆಕ್ಕ ಮತ್ತು ಕೊನೆಯ 50 ಮೀಟರ್

ಮಕ್ಕಳನ್ನು ಈಜಿನ ಸ್ಪರ್ಧಾ ತಂಡಕ್ಕೆ ಸೇರಿಸುವ ಬಗ್ಗೆ ಹೋದ ತಿಂಗಳು ಬರೆದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಎರಡು ಬಹಳ ದಿನ ತಲೆಯಲ್ಲಿ ಉಳಿದವು. ಒಂದು ಠಾಣೆಯಿಂದ ಬಂದದ್ದು. "ನಮ್ಮ ಕೋಚ್ ಮೊದಲು ದಿನಕ್ಕೆ ಐದು ಸಾವಿರ ಮೀಟರ್ ಈಜಿಸುತ್ತಿದ್ದರು. ಈಗ ಮೂರು ಸಾವಿರಕ್ಕೆ ಇಳಿಸಿದ್ದಾರೆ. ಚಿಕ್ಕ ಚಿಕ್ಕ ದೂರ ಜೋರಾಗಿ ಈಜಿಸಿ, ನಡುವೆ ಸುಮ್ಮನೆ ನಿಲ್ಲಿಸುತ್ತಾರೆ. ಫೀ ಮಾತ್ರ ಅಷ್ಟೇ ಇದೆ. ಮಗನ ದಮ್ಮು ಕಡಿಮೆಯಾಗುವುದಿಲ್ಲವೇ?" ಎಂದು ಒಬ್ಬ ತಂದೆ ಕೇಳಿದ್ದರು. ಇನ್ನೊಂದು ಹೈದರಾಬಾದಿನ ತಾಯಿಯೊಬ್ಬರದು. ಅವರದು ನೇರ ಉಲ್ಟಾ ದೂರು. "ಮಗಳ ಸ್ಪರ್ಧೆ 50 ಮೀಟರ್‌ದು, ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದಕ್ಕೆ ಒಂದೂವರೆ ಗಂಟೆ ನಿಧಾನ ಈಜು ಏಕೆ?"

ಇಬ್ಬರ ಚಿಂತೆಯ ಬೇರೂ ಒಂದೇ. ವೇಗ ಮತ್ತು ದಮ್ಮು ತಕ್ಕಡಿಯ ಎರಡು ತಟ್ಟೆಗಳಂತೆ, ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ ಎಂದು ನಾವು ಪಾಲಕರು ನಂಬಿಕೊಂಡಿದ್ದೇವೆ. ಈ ನಂಬಿಕೆಯಿಂದಾಗಿ ಎಷ್ಟೋ ಮಕ್ಕಳ ತರಬೇತಿ ಎರಡೂ ಕಡೆ ಸಲ್ಲದ ಒಂದು ಮಧ್ಯದ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈ ಸಲ ಅದರ ಬಗ್ಗೆಯೇ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕೋಚ್ ಅಲ್ಲ. ಧಾರವಾಡದ ಹತ್ತಿರದ ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತವನು. ಇಂಜಿನಿಯರಿಂಗ್ ಕಾಲೇಜಿನ ತಂಡದಲ್ಲಿದ್ದೆ. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹಿಂಜವಡಿಯ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದೆ. ಈಗ 35ರಿಂದ 39 ವಯೋಗುಂಪಿನ ಮಾಸ್ಟರ್ಸ್ ಸ್ಪರ್ಧೆಗಳಲ್ಲಿ ಈಜುತ್ತೇನೆ. ಐದು ವರ್ಷಗಳಿಂದ ಮಗಳ ಜೊತೆ ಬೆಳಗಿನ ಐದು ಗಂಟೆಗೆ ಕೊಳದ ದಂಡೆಯಲ್ಲಿ ಕೂರುತ್ತಿದ್ದೇನೆ. ನಮ್ಮ ಆಫೀಸಿನ ಭಾಷೆಯಲ್ಲಿ ಸ್ಪ್ರಿಂಟ್ ಎಂದರೆ ಎರಡು ವಾರ, ಕೊಳದ ಭಾಷೆಯಲ್ಲಿ ಮೂವತ್ತು ಸೆಕೆಂಡು. ಎರಡನ್ನೂ ಹತ್ತಿರದಿಂದ ನೋಡಿದವನ ಮಾತು ಎಂದುಕೊಂಡು ಓದಿ.

ಮೂರು ಬಗೆಯ ಉರುವಲು

ಈಜಿನ ದೂರವನ್ನು ಓಟದ ದೂರದ ಜೊತೆ ಹೋಲಿಸಿದಾಗಲೇ ಅರ್ಧ ಗೊಂದಲ ಶುರುವಾಗುತ್ತದೆ. 100 ಮೀಟರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬೋಲ್ಟ್ ಬರುತ್ತಾರೆ. ಆದರೆ ಪುರುಷರ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆ 46.40 ಸೆಕೆಂಡು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್‌ಲೆ ಮಾಡಿದ್ದು. ಓಟದಲ್ಲಿ ಇಷ್ಟು ಹೊತ್ತು ಹಿಡಿಯುವುದು 400 ಮೀಟರ್. ಅದರ ದಾಖಲೆ 43.03. ಹಾಗಾಗಿ ಕೊಳದ ನೂರು ಎಂದರೆ ಟ್ರ್ಯಾಕಿನ ನಾನೂರು. ಹನ್ನೆರಡು ಹದಿಮೂರರ ಮಗು ಅದನ್ನು 70 ಸೆಕೆಂಡಿನಲ್ಲಿ ಮುಗಿಸುತ್ತದೆ ಎಂದರೆ ಇನ್ನೂ ಉದ್ದದ ಕೆಲಸ.

ದೇಹ ಈ ಕೆಲಸಕ್ಕೆ ಮೂರು ಬಗೆಯ ಉರುವಲು ಬಳಸುತ್ತದೆ. ನಮ್ಮ ಊರಿನ ಬಚ್ಚಲ ಒಲೆ ನೆನಪಿಸಿಕೊಳ್ಳಿ. ಕಬ್ಬಿನ ರವದಿ ಹಾಕಿದರೆ ಭಗ್ಗನೆ ಉರಿದು ಕ್ಷಣದಲ್ಲಿ ಬೂದಿ. ಹತ್ತಿಕಟ್ಟಿಗೆ ಸ್ವಲ್ಪ ಹೊತ್ತು ಜೋರಾಗಿ ಉರಿಯುತ್ತದೆ, ಜೊತೆಗೆ ಹೊಗೆಯೂ ಏಳುತ್ತದೆ. ಜಾಲಿಯ ಕೊರಡು ಹೊತ್ತಿಕೊಳ್ಳಲು ತಡ, ಆದರೆ ಒಮ್ಮೆ ಹೊತ್ತಿದರೆ ಮನೆಮಂದಿಯೆಲ್ಲ ಸ್ನಾನ ಮಾಡುವವರೆಗೂ ಕೆಂಡ ಇರುತ್ತದೆ.

ಸ್ನಾಯುವಿನೊಳಗಿರುವ ಕ್ರಿಯಾಟಿನ್ ಫಾಸ್ಫೇಟ್ ರವದಿ ಇದ್ದಂತೆ. ಸುಮಾರು ಹತ್ತು ಸೆಕೆಂಡಿನ ಪೂರ್ಣ ವೇಗಕ್ಕೆ ಸಾಕು. ಅದು ಮತ್ತೆ ತುಂಬಿಕೊಳ್ಳಲು ಮೂರು ನಾಲ್ಕು ನಿಮಿಷ ಬೇಕು. ಆಮ್ಲಜನಕ ಸಾಲದಿದ್ದಾಗ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ನನ್ನು ಅವಸರದಲ್ಲಿ ಒಡೆಯುವುದು ಹತ್ತಿಕಟ್ಟಿಗೆ. ಇದರ ಜೊತೆಗೆ ಸ್ನಾಯುವಿನಲ್ಲಿ ಆಮ್ಲತೆ ಏರಿ ಕೈಕಾಲು ಕಲ್ಲಾಗುತ್ತವೆ. ಆಮ್ಲಜನಕ ಬಳಸಿ ಶಕ್ತಿ ತೆಗೆಯುವುದು ಜಾಲಿ ಕೊರಡು. ಹತ್ತಿಕಟ್ಟಿಗೆ ಉರಿದಾಗ ಉಳಿಯುವ ಲ್ಯಾಕ್ಟೇಟ್ ಬರೀ ಕಸವಲ್ಲ, ಅದನ್ನೂ ಈ ಕೊರಡಿನ ಒಲೆಯೇ ಮತ್ತೆ ಉರುವಲಾಗಿ ಬಳಸಿಕೊಳ್ಳುತ್ತದೆ.

ಮೂರೂ ಒಟ್ಟಿಗೆ ಉರಿಯುತ್ತಿರುತ್ತವೆ, ದೂರ ಬದಲಾದಂತೆ ಪಾಲು ಬದಲಾಗುತ್ತದೆ. 50 ಮೀಟರ್‌ನಲ್ಲಿ ಮೊದಲೆರಡರದೇ ಕಾರುಬಾರು. 100ಕ್ಕೆ ಬಂದರೆ ಆಮ್ಲಜನಕದ ಪಾಲು ಸುಮಾರು ಅರ್ಧದಷ್ಟಾಗುತ್ತದೆ. 200ರಲ್ಲಿ ಮೂರರಲ್ಲಿ ಎರಡು ಪಾಲಿನ ಆಸುಪಾಸು. 1500ರಲ್ಲಿ ಬಹುತೇಕ ಎಲ್ಲವೂ ಅದರದೇ. ಹೈದರಾಬಾದಿನ ತಾಯಿಗೆ ಉತ್ತರದ ಮೊದಲ ಭಾಗ ಇಲ್ಲಿದೆ. ಮಗಳು 50 ಮೀಟರ್ ಒಂದನ್ನೇ ಈಜುವವಳಾದರೂ, ಒಂದು ಅಭ್ಯಾಸದಲ್ಲಿ ಎಂಟು ಸಲ ಪೂರ್ಣ ವೇಗದಲ್ಲಿ ಈಜಿ, ಪ್ರತಿ ಸಲವೂ ಚೇತರಿಸಿಕೊಳ್ಳಬೇಕಾದರೆ ಕೊರಡಿನ ಒಲೆ ಚೆನ್ನಾಗಿರಬೇಕು. ಅದಿಲ್ಲದವಳಿಗೆ ವೇಗದ ಅಭ್ಯಾಸವನ್ನೇ ಹೆಚ್ಚು ಮಾಡಲಾಗುವುದಿಲ್ಲ.

ನೀರು ಕೇಳುವ ಬೆಲೆ

ಈಜಿಗೆ ಓಟಕ್ಕಿಲ್ಲದ ಇನ್ನೊಂದು ತೊಡಕಿದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ವೇಗ ಹೆಚ್ಚಿದಂತೆ ನೀರಿನ ಎಳೆತ ಹೆಚ್ಚುಕಡಿಮೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. ಲೆಕ್ಕ ಹಾಕಿ ನೋಡಿ: ಶೇಕಡ 10ರಷ್ಟು ವೇಗ ಹೆಚ್ಚಿಸಲು ಶೇಕಡ 33ರಷ್ಟು ಹೆಚ್ಚು ಶಕ್ತಿ ಬೇಕು.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಮೊದಲ 50 ಮೀಟರನ್ನು ಅಗತ್ಯಕ್ಕಿಂತ ಒಂದು ಸೆಕೆಂಡು ಬೇಗ ಈಜಿದ ಮಗು ಆ ಸೆಕೆಂಡಿಗೆ ಭಾರೀ ಬಡ್ಡಿ ಕಟ್ಟುತ್ತದೆ. ಎರಡು, ದಣಿದಾಗ ಸೊಂಟ ಇಳಿದು, ಮೊಣಕೈ ಬಿದ್ದು, ದೇಹ ನೀರಿಗೆ ಅಡ್ಡಲಾಗಿ ನಿಂತರೆ ಅಷ್ಟೇ ವೇಗಕ್ಕೆ ಇನ್ನೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಹಾಗಾಗಿ ಈಜಿನಲ್ಲಿ ದಮ್ಮು ಎಂದರೆ ಶ್ವಾಸಕೋಶದ ಬಲ ಒಂದೇ ಅಲ್ಲ. ಸ್ಪರ್ಧೆಯ ವೇಗದಲ್ಲಿ, ದಣಿವಿನ ನಡುವೆ, ಸ್ಟ್ರೋಕ್ ಕೆಡದಂತೆ ಉಳಿಸಿಕೊಳ್ಳುವ ಶಕ್ತಿಯೂ ಹೌದು. ನಿಧಾನವಾಗಿ ಐದು ಸಾವಿರ ಮೀಟರ್ ಈಜಿದರೆ ನಿಧಾನ ಈಜಿನ ದಮ್ಮು ಬರುತ್ತದೆ. ಸ್ಪರ್ಧೆಯ ವೇಗದ ದಮ್ಮು ಬೇಕಾದರೆ ಆ ವೇಗದಲ್ಲೇ ಈಜಬೇಕು.

ನನ್ನ ಮಗಳ ಅಂಕಿಗಳನ್ನೇ ಹೇಳುತ್ತೇನೆ. ಅವಳಿಗೆ ಹದಿಮೂರು, ಎಂಟನೇ ತರಗತಿ, ಮುಖ್ಯ ಸ್ಪರ್ಧೆ 200 ಮೀಟರ್ ಫ್ರೀಸ್ಟೈಲ್. ಹೋದ ವರ್ಷ ಅವಳ ಸಮಯ 2 ನಿಮಿಷ 32 ಸೆಕೆಂಡಿನಲ್ಲಿ ಏಳು ತಿಂಗಳು ಅಂಟಿಕೊಂಡಿತ್ತು. ನಾಲ್ಕು 50 ಮೀಟರ್‌ಗಳನ್ನು ಬಿಡಿಸಿ ನೋಡಿದರೆ 33, 38, 40, 41. ಮೊದಲ ಐವತ್ತಕ್ಕೂ ಕೊನೆಯದಕ್ಕೂ ಎಂಟು ಸೆಕೆಂಡಿನ ಅಂತರ. ದಂಡೆಯಲ್ಲಿ ಕುಳಿತ ನಾವೆಲ್ಲ "ದಮ್ಮು ಸಾಲದು, ಇನ್ನೂ ಈಜಿಸಬೇಕು" ಎನ್ನುವ ಅಂಕಿಗಳಿವು. ಆದರೆ ಆಗ ಅವಳು ದಿನಕ್ಕೆ ಐದು ಸಾವಿರ ಮೀಟರ್ ಈಜುತ್ತಿದ್ದಳು. ದೂರ ಕಡಿಮೆಯಾಗಿದೆ ಎನ್ನಲು ಜಾಗವೇ ಇರಲಿಲ್ಲ.

ಕಳ್ಳ ಮಧ್ಯಮ ವೇಗ

ಆಗ ತಂಡಕ್ಕೆ ಬಂದ ಹೊಸ ಕೋಚ್ ಮೊದಲ ವಾರ ಮಾಡಿಸಿದ್ದು ಎರಡೇ ಪರೀಕ್ಷೆ. ಒಂದು ದಿನ 400 ಮೀಟರ್, ಇನ್ನೊಂದು ದಿನ 200, ಎರಡೂ ಪೂರ್ತಿ ಪ್ರಯತ್ನದಲ್ಲಿ. ಮಗಳ 400ರ ಸಮಯ 5 ನಿಮಿಷ 20 ಸೆಕೆಂಡು, ಅಂದರೆ 320 ಸೆಕೆಂಡು. 200ರದು 152 ಸೆಕೆಂಡು. ಒಂದರಲ್ಲಿ ಇನ್ನೊಂದನ್ನು ಕಳೆದರೆ 200 ಮೀಟರ್‌ಗೆ 168 ಸೆಕೆಂಡು ಉಳಿಯುತ್ತದೆ. ಅದರ ಅರ್ಧ 84, ಅಂದರೆ 100 ಮೀಟರ್‌ಗೆ 1 ನಿಮಿಷ 24 ಸೆಕೆಂಡು. ಈ ವೇಗವನ್ನು ಕ್ರಿಟಿಕಲ್ ಸ್ವಿಮ್ ಸ್ಪೀಡ್, ಚಿಕ್ಕದಾಗಿ ಸಿಎಸ್‌ಎಸ್ ಎನ್ನುತ್ತಾರೆ. ರಕ್ತ ಪರೀಕ್ಷೆ, ಪ್ರಯೋಗಾಲಯ ಇಲ್ಲದೆ ಕೊರಡಿನ ಒಲೆಯ ಮಿತಿ ಎಲ್ಲಿದೆ ಎಂದು ಅಂದಾಜು ಮಾಡುವ ಸುಲಭ ದಾರಿ ಇದು. ನಿಮ್ಮ ಮಕ್ಕಳಿಗೂ ಮಾಡಿಸಬಹುದು, ಒಂದು ಸ್ಟಾಪ್‌ವಾಚ್ ಸಾಕು.

ಈ ಒಂದು ಅಂಕಿ ಸಿಕ್ಕ ಮೇಲೆ ಹಳೆಯ ಅಭ್ಯಾಸ ಬೇರೆಯಾಗಿ ಕಾಣತೊಡಗಿತು. ಅವಳ ದಿನದ ಐದು ಸಾವಿರ ಮೀಟರ್‌ನಲ್ಲಿ ಬಹುಪಾಲು ನೂರಕ್ಕೆ 1:30ರಿಂದ 1:35ರ ವೇಗದಲ್ಲಿ ಹೋಗುತ್ತಿತ್ತು. ಮಿತಿಯನ್ನು ಮೇಲಕ್ಕೆ ತಳ್ಳಲು ಬೇಕಾದ 1:24 ಅದಲ್ಲ. ಸ್ಪರ್ಧೆಯ ವೇಗವಾದ 1:16 ಅಂತೂ ಅಲ್ಲವೇ ಅಲ್ಲ. ಚೇತರಿಕೆಗೆ, ತಂತ್ರ ತಿದ್ದಲಿಕ್ಕೆ ಬೇಕಾದ 1:45ರ ಆರಾಮದ ಈಜೂ ಅಲ್ಲ. ಸುಸ್ತು ಮಾಡುವಷ್ಟು ಜೋರು, ಸುಧಾರಿಸದಷ್ಟು ನಿಧಾನ. ಹೊರಗಿನಿಂದ ನೋಡುವವರಿಗೆ ಮಕ್ಕಳು ಬಹಳ ಕಷ್ಟಪಡುತ್ತಿದ್ದಾರೆ ಎನಿಸುತ್ತದೆ, ಅದು ನಿಜವೂ ಹೌದು. ಸಮಯ ಮಾತ್ರ ಅಲ್ಲಾಡುವುದಿಲ್ಲ. ಹೆಚ್ಚಿನ ತಂಡಗಳಲ್ಲಿ ಮಕ್ಕಳ ಶ್ರಮ ಸೋರಿಹೋಗುವುದು ಇಲ್ಲೇ ಎಂದು ನನಗೆ ಅನಿಸಿದೆ.

ಇದಕ್ಕೆ ಹೊಸ ಕೋಚ್ ಕಂಡುಕೊಂಡ ದಾರಿ ಸರಳ. ಪ್ರತಿ ದಿನಕ್ಕೂ ಒಂದೇ ಉದ್ದೇಶ. ಜೋರು ಎಂದರೆ ನಿಜವಾಗಿ ಜೋರು, ನಿಧಾನ ಎಂದರೆ ನಿಜವಾಗಿ ನಿಧಾನ. ಮಗಳ ವಾರ ಹೀಗಿರುತ್ತದೆ:

ಸೋಮವಾರ ಮಿತಿಯ ದಿನ. ಹನ್ನೆರಡು ಸಲ 100 ಮೀಟರ್, ಪ್ರತಿಯೊಂದೂ 1:24ರ ಆಸುಪಾಸು, ನಡುವೆ 15 ಸೆಕೆಂಡು ವಿರಾಮ. ಮೊದಲನೆಯದೂ ಹನ್ನೆರಡನೆಯದೂ ಒಂದೇ ಸಮಯದಲ್ಲಿ ಬರಬೇಕು.

ಮಂಗಳವಾರ ಶುದ್ಧ ವೇಗ. ಎಂಟು ಸಲ 15 ಮೀಟರ್ ಪ್ರಾಣ ಬಿಟ್ಟು ಈಜುವುದು, ಪ್ರತಿ ಸಲವೂ ಒಂದೂವರೆ ಎರಡು ನಿಮಿಷ ವಿರಾಮ. ಠಾಣೆಯ ತಂದೆಗೆ "ಸುಮ್ಮನೆ ನಿಲ್ಲಿಸುತ್ತಾರೆ" ಎನಿಸಿದ್ದು ಇದೇ ಇರಬೇಕು. ರವದಿ ಮತ್ತೆ ತುಂಬಿಕೊಳ್ಳಲಿ ಎಂದು ನಿಲ್ಲಿಸುವುದು. ವಿರಾಮ ಅರ್ಧ ಮಾಡಿದರೆ ನಾಲ್ಕನೇ ಸಲದ ಹೊತ್ತಿಗೆ ವೇಗ ಬಿದ್ದು, ಅದೊಂದು ಸಾಧಾರಣ ದಮ್ಮಿನ ಅಭ್ಯಾಸವಾಗಿ ಬದಲಾಗುತ್ತದೆ.

ಬುಧವಾರ ಆರಾಮದ ಈಜು. ಒಂದು ಉದ್ದಕ್ಕೆ ಎಷ್ಟು ಸ್ಟ್ರೋಕ್ ಎಂದು ಎಣಿಸುತ್ತ, ಒಂದೆರಡು ಕಡಿಮೆ ಮಾಡಲು ನೋಡುವುದು. ಗಡಿಯಾರ ನೋಡುವಂತಿಲ್ಲ.

ಗುರುವಾರ ಸ್ಪರ್ಧೆಯ ವೇಗ. ಗುರಿ 2 ನಿಮಿಷ 28 ಸೆಕೆಂಡು ಎಂದಿಟ್ಟುಕೊಂಡರೆ 25 ಮೀಟರ್‌ಗೆ 18.5 ಸೆಕೆಂಡು. ಇಪ್ಪತ್ತು ಸಲ 25 ಮೀಟರ್, ನಡುವೆ 20 ಸೆಕೆಂಡು ವಿರಾಮ. ಎರಡು ಸಲ ಸಮಯ ತಪ್ಪಿದರೆ ಆ ದಿನಕ್ಕೆ ಸೆಟ್ ಬಂದ್. ಕೆಟ್ಟ ಸ್ಟ್ರೋಕನ್ನು ಅಭ್ಯಾಸ ಮಾಡಿಸಿ ಪ್ರಯೋಜನವಿಲ್ಲ ಎಂಬುದು ಅವರ ಲೆಕ್ಕ.

ಶುಕ್ರವಾರ ಮತ್ತೆ ಮಿತಿಯ ಕೆಲಸ, ಆದರೆ ಬೇರೆ ಸ್ಟ್ರೋಕ್‌ಗಳಲ್ಲಿ ಮತ್ತು ಕಾಲಿನ ಬಡಿತದಲ್ಲಿ. ಶನಿವಾರ 50 ಮೀಟರ್ ಕೊಳದಲ್ಲಿ ಡೈವ್ ಮತ್ತು 37 ಸೆಕೆಂಡಿನ ಆರು 50 ಮೀಟರ್‌ಗಳು. ಭಾನುವಾರ ರಜೆ, ಚೌಕಾಸಿ ಇಲ್ಲ.

ಶನಿವಾರದ ಉದ್ದ ಕೊಳಕ್ಕೆ ಕಾರಣವಿದೆ. 25 ಮೀಟರ್ ಕೊಳದಲ್ಲಿ 200 ಮೀಟರ್ ಈಜಲು ಏಳು ತಿರುವು, 50 ಮೀಟರ್ ಕೊಳದಲ್ಲಿ ಮೂರೇ. ಪ್ರತಿ ತಿರುವೂ ಗೋಡೆಯನ್ನು ಒದ್ದು ಪಡೆಯುವ ಪುಕ್ಕಟೆ ವೇಗ, ತೋಳಿಗೆ ಒಂದು ಚಿಕ್ಕ ಬಿಡುವು. ಸೊಸೈಟಿಯ ಚಿಕ್ಕ ಕೊಳದಲ್ಲಿ ಮಿಂಚಿದ ಮಕ್ಕಳು ಬಾಲೇವಾಡಿಯ ದೊಡ್ಡ ಕೊಳದಲ್ಲಿ ಮೂರನೇ ಐವತ್ತಕ್ಕೇ ಸೋಲುವುದು ಇದಕ್ಕೇ. ಅಲ್ಲಿ ಮಾಡಿದ ಸಮಯವನ್ನು ಇಲ್ಲಿಯದರ ಜೊತೆ ಹೋಲಿಸಿ ಮಕ್ಕಳನ್ನು ಬೈಯಬೇಡಿ.

ಹೊಸ ಪದ್ಧತಿ ಶುರುವಾದ ಮೊದಲ ಗುರುವಾರ ಮಗಳು ಕಾರು ಹತ್ತಿ ಹೇಳಿದ್ದು: "ಅಪ್ಪಾ, ಇವತ್ತ ಎಲ್ಲಾ ಸೇರಿ ಎರಡ ಸಾವಿರ ಮೀಟರ್ ಆತು. ಆದ್ರ ಐದ ಸಾವಿರ ಮಾಡಿದ ದಿನಕ್ಕಿಂತ ಕೈ ಭಾರ ಆಗ್ಯಾವ."

ದೊಡ್ಡವರ ಕೊಳದಿಂದ

ಹಾಗಾದರೆ ದೂರದ ಈಜು ಬೇಡವೇ ಬೇಡವೇ? ಅಷ್ಟು ದೂರ ಹೋಗಬೇಡಿ. ಬರೀ ಸ್ಪರ್ಧೆಯ ವೇಗದ ಚಿಕ್ಕ ಸೆಟ್‌ಗಳಿಂದಲೇ ಬೆಳೆದವರಲ್ಲಿ ಅಮೆರಿಕದ ಮೈಕೆಲ್ ಆಂಡ್ರ್ಯೂ ಪ್ರಸಿದ್ಧರು. ಟೋಕಿಯೊ ಒಲಿಂಪಿಕ್ಸ್‌ನ 200 ಮೀಟರ್ ವೈಯಕ್ತಿಕ ಮೆಡ್ಲೆ ಫೈನಲ್‌ನಲ್ಲಿ 150 ಮೀಟರ್‌ವರೆಗೆ ಅವರೇ ಮುಂದಿದ್ದರು. ಕೊನೆಯ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಕುಸಿದು ಐದನೆಯವರಾದರು. ಅದೇ ಟೋಕಿಯೊದಲ್ಲಿ ಅವರದೇ ದೇಶದ ಬಾಬಿ ಫಿಂಕ್ 800 ಮತ್ತು 1500 ಎರಡರಲ್ಲೂ ಕೊನೆಯ ತಿರುವಿನವರೆಗೆ ಹಿಂದಿದ್ದು ಚಿನ್ನ ಗೆದ್ದರು. 800ರ ಕೊನೆಯ 50 ಮೀಟರನ್ನು 26.39 ಸೆಕೆಂಡಿನಲ್ಲಿ, 1500ರ ಕೊನೆಯ 50 ಮೀಟರನ್ನು 25.78ರಲ್ಲಿ ಈಜಿದರು. ದೂರದ ಈಜುಗಾರನ ಕೈಯಲ್ಲಿ ವೇಗವೂ ಇತ್ತು, ಅದನ್ನು 1450 ಮೀಟರ್ ಆದ ಮೇಲೂ ಉಳಿಸಿಕೊಳ್ಳುವ ದಮ್ಮೂ ಇತ್ತು. ಇನ್ನೊಂದು ತುದಿಯಲ್ಲಿ ರಷ್ಯಾದ ಅಲೆಕ್ಸಾಂಡರ್ ಪೊಪೊವ್. 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡನ್ನೂ ಗೆದ್ದ ವೇಗದ ರಾಜ. ಅವರ ಅಭ್ಯಾಸದಲ್ಲಿ ಬಹಳಷ್ಟು ನಿಧಾನದ, ಆದರೆ ಒಂದೊಂದು ಸ್ಟ್ರೋಕೂ ಅಚ್ಚುಕಟ್ಟಾದ ಈಜು ಇರುತ್ತಿತ್ತು.

ಹೆಚ್ಚು ಈಜಿದಷ್ಟೂ ಒಳ್ಳೆಯದು ಎಂಬ ಮಾತನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಅಮೆರಿಕದ ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಈಜುಗಾರರ ಎರಡು ಗುಂಪುಗಳಿದ್ದವು. ಒಂದು ಗುಂಪು ಆರು ವಾರ ದಿನಕ್ಕೆ ಎರಡು ಹೊತ್ತು ಈಜಿತು, ಇನ್ನೊಂದು ಒಂದೇ ಹೊತ್ತು. ಎರಡು ಹೊತ್ತು ಈಜಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆ ವಾರಗಳಲ್ಲಿ ಅವರ ಚಿಕ್ಕ ದೂರದ ವೇಗ ಇಳಿದದ್ದೂ ಕಂಡುಬಂತು.

ನಮ್ಮವರ ಕಡೆ ಬರೋಣ. ಕೊಲ್ಹಾಪುರದ ವೀರ್‌ಧವಳ್ ಖಾಡೆ ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದು ನಿಹಾರ್ ಅಮೀನ್ ಅವರ ಬಳಿ ತರಬೇತಿ ಪಡೆದವರು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು ಗೆದ್ದರು. 1986ರಲ್ಲಿ ಖಜಾನ್ ಸಿಂಗ್ ಬೆಳ್ಳಿ ಗೆದ್ದ ಮೇಲೆ ಈಜಿನಲ್ಲಿ ಭಾರತಕ್ಕೆ ಬಂದ ಮೊದಲ ಏಷ್ಯನ್ ಗೇಮ್ಸ್ ಪದಕ ಅದು. 2018ರ ಜಕಾರ್ತದಲ್ಲಿ ಅವರು 50 ಮೀಟರ್ ಫ್ರೀಸ್ಟೈಲ್‌ನ ಹೀಟ್ಸ್‌ನಲ್ಲಿ 22.43 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದರು. ಫೈನಲ್‌ನಲ್ಲಿ 22.47. ಕಂಚು ತಪ್ಪಿದ್ದು 0.01 ಸೆಕೆಂಡಿನಿಂದ. ಬೆಳಿಗ್ಗೆ ಮಾಡಿದ್ದನ್ನೇ ಸಂಜೆಯೂ ಮಾಡಿದ್ದರೆ ಪದಕ ಬರುತ್ತಿತ್ತು. 22 ಸೆಕೆಂಡಿನ ಸ್ಪರ್ಧೆಯಲ್ಲೂ ಒಂದೇ ದಿನದಲ್ಲಿ ವೇಗವನ್ನು ಮತ್ತೆ ಮತ್ತೆ ತರುವ ಶಕ್ತಿ ಎಷ್ಟು ಮುಖ್ಯ ಎಂದು ಹೇಳಲು ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

2021ರಲ್ಲಿ ರೋಮ್‌ನಲ್ಲಿ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸ್‌ನ ಎ ದರ್ಜೆಯ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರರಾದರು. ಬೇಕಿದ್ದದ್ದು 1:56.48. ಅದೇ ಕೂಟದ ಟೈಮ್ ಟ್ರಯಲ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77ರಲ್ಲಿ ಈಜಿದರು. ಬೇಕಿದ್ದದ್ದು 53.85. ಒಬ್ಬರಿಗೆ ಹತ್ತನೇ ಒಂದು ಸೆಕೆಂಡು, ಇನ್ನೊಬ್ಬರಿಗೆ ಅದಕ್ಕಿಂತಲೂ ಕಡಿಮೆ. ಇಂಥ ಅಂತರಗಳು ಕಿಲೋಮೀಟರ್ ಎಣಿಸಿದರೆ ಸಿಗುವಂಥವಲ್ಲ.

ಭುಜದ ಲೆಕ್ಕ

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯ. ನಮ್ಮ ತಂಡದ ಹದಿನಾಲ್ಕರ ಹುಡುಗನೊಬ್ಬ ಹೋದ ವರ್ಷ ಭುಜದ ನೋವಿನಿಂದ ಎರಡು ತಿಂಗಳು ನೀರಿಗಿಳಿಯಲಿಲ್ಲ. ಜಿಲ್ಲಾ ಮಟ್ಟದಲ್ಲಿ ಮೊದಲಿಗನಾಗಿದ್ದವನು. ಮೂವರು ಹುಡುಗಿಯರು ಒಂಬತ್ತನೇ ತರಗತಿಗೆ ಬಂದಾಗ ಈಜನ್ನೇ ಬಿಟ್ಟರು. ಆ ಹೊತ್ತಿನಲ್ಲೇ ಕೆಲವು ಪಾಲಕರು ಸಹಿ ಮಾಡಿ, ಸಂಜೆಯೂ ಅಭ್ಯಾಸ ಇಡಬೇಕೆಂದು ಕೋಚ್‌ಗೆ ಪತ್ರ ಕೊಟ್ಟರು.

ಒಂದು ಚಿಕ್ಕ ಗುಣಾಕಾರ ಮಾಡಿ. 25 ಮೀಟರ್‌ಗೆ 18 ಸ್ಟ್ರೋಕ್ ಎಂದುಕೊಳ್ಳಿ. ನಾಲ್ಕು ಸಾವಿರ ಮೀಟರ್ ಎಂದರೆ 160 ಉದ್ದ, 2,880 ಸ್ಟ್ರೋಕ್. ಒಂದು ಭುಜಕ್ಕೆ 1,440. ವಾರಕ್ಕೆ ಆರು ದಿನವಾದರೆ 8,640. ಮೂಳೆ ಇನ್ನೂ ಬೆಳೆಯುತ್ತಿರುವ ಮಗುವಿನ ಒಂದು ಭುಜ ವಾರಕ್ಕೆ ಇಷ್ಟು ಸಲ ತಿರುಗುತ್ತದೆ. ಸಂಜೆಯದನ್ನೂ ಸೇರಿಸಿದರೆ ದ್ವಿಗುಣ. ದಣಿದ ಸ್ಟ್ರೋಕಿನಲ್ಲಿ ಮೊಣಕೈ ಬಿದ್ದಾಗ ಈ ಭಾರ ತಪ್ಪು ಜಾಗಕ್ಕೆ ಬೀಳುತ್ತದೆ.

ಹಾಗೆಂದು ಚಿಕ್ಕ ಮಕ್ಕಳಿಗೆ ಬರೀ ವೇಗ ಕೊಡಬೇಕೆಂದಲ್ಲ. ಹನ್ನೆರಡರೊಳಗಿನವರಿಗೆ ಬೇಕಾದದ್ದು ನಾಲ್ಕೂ ಸ್ಟ್ರೋಕ್‌ಗಳ ತಂತ್ರ, ಆರಾಮದ ಈಜು, ಮತ್ತು ಆಟದಂತೆ ಹತ್ತು ಹದಿನೈದು ಮೀಟರ್‌ನ ಜೋರು. ಹತ್ತಿಕಟ್ಟಿಗೆಯ ಒಲೆ, ಅಂದರೆ ಕೈಕಾಲು ಕಲ್ಲಾಗುವಂಥ ಉದ್ದನೆಯ ಜೋರು ಸೆಟ್‌ಗಳು, ದೇಹ ಬಲಿತ ಮೇಲೆ ಇರಲಿ. ಹುಡುಗಿಯರು ಸಾಮಾನ್ಯವಾಗಿ ಹನ್ನೊಂದರಿಂದ ಹದಿಮೂರರ ನಡುವೆ, ಹುಡುಗರು ಒಂದೆರಡು ವರ್ಷ ತಡವಾಗಿ ಸರ್ರನೆ ಎತ್ತರವಾಗುತ್ತಾರೆ. ಆಗ ಕೈಕಾಲಿನ ಉದ್ದ ಬದಲಾಗಿ ಸ್ಟ್ರೋಕ್ ಹದ ತಪ್ಪುತ್ತದೆ, ಸಮಯ ಕೆಲವು ತಿಂಗಳು ನಿಂತುಬಿಡುತ್ತದೆ. ಸೋಮಾರಿತನ ಬಂದಿದೆ ಎಂದು ದೂರ ಹೆಚ್ಚಿಸುವುದು ಆ ಹೊತ್ತಿನಲ್ಲೇ, ಭುಜ ಕೆಡುವುದೂ ಆ ಹೊತ್ತಿನಲ್ಲೇ.

ವಲಸೆ ಬಂದ ನಮ್ಮಂಥವರಿಗೆ ಇನ್ನೊಂದು ಆಸೆಯೂ ಇದೆ. "ಬೆಂಗಳೂರಿಗೆ ಕಳಿಸೋಣವೇ? ಅಜ್ಜಿ ಮನೆ ಹೇಗೂ ಇದೆ." ಬೆಂಗಳೂರಿನ ಧಿನಿಧಿ ದೇಸಿಂಗು ಹದಿನಾಲ್ಕನೇ ವಯಸ್ಸಿಗೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ಮೇಲೆ ಈ ಮಾತು ನಮ್ಮ ಕನ್ನಡ ಮನೆಗಳಲ್ಲಿ ಹೆಚ್ಚು ಕೇಳಿಬರುತ್ತಿದೆ. ನಮ್ಮ ಮನೆಯಲ್ಲೂ ಮಾತಾಯಿತು. ಧಾರವಾಡದಿಂದ ನಮ್ಮವ್ವ ಫೋನಿನಲ್ಲಿ ಕೇಳಿದಳು: "ಅಲ್ಲೋ, ಆ ಕೂಸು ರಾತ್ರಿ ಎಷ್ಟ್ ತಾಸು ಮಲಗ್ತದ?" ಎಣಿಸಿ ನೋಡಿದೆವು, ಆರೂವರೆ ತಾಸು. ಬೆಳೆಯುವ ಮಗು ಗಟ್ಟಿಯಾಗುವುದು ಕೊಳದಲ್ಲಿ ಅಲ್ಲ, ಹಾಸಿಗೆಯಲ್ಲಿ. ಊರು ಬದಲಿಸುವ ಚರ್ಚೆ ಪಕ್ಕಕ್ಕಿಟ್ಟು, ಮೊದಲು ರಾತ್ರಿಯ ಟ್ಯೂಷನ್ ಬಿಡಿಸಿ ಒಂಬತ್ತಕ್ಕೆ ದೀಪ ಆರಿಸತೊಡಗಿದೆವು.

ಕಡಿಮೆ ಮಾಡುವ ಧೈರ್ಯ

ಸ್ಪರ್ಧೆ ಹತ್ತಿರ ಬಂದಾಗ ದೂರ ಇಳಿಸುವುದಕ್ಕೆ ಟೇಪರ್ ಎನ್ನುತ್ತಾರೆ. ಎರಡು ಮೂರು ವಾರ ದೂರವನ್ನು ಸುಮಾರು ಅರ್ಧಕ್ಕೆ ತಂದು, ವೇಗದ ಚಿಕ್ಕ ಸೆಟ್‌ಗಳನ್ನು ಹಾಗೆಯೇ ಉಳಿಸುತ್ತಾರೆ. ಸಿಡ್ನಿ ಒಲಿಂಪಿಕ್ಸ್‌ಗೆ ಮೊದಲಿನ ಮೂರು ವಾರಗಳಲ್ಲಿ ಈಜುಗಾರರ ಸಮಯ ಹೇಗೆ ಬದಲಾಯಿತೆಂದು ಇನಿಗೊ ಮುಹಿಕಾ ಮತ್ತು ಸಂಗಡಿಗರು ನೋಡಿದಾಗ ಸರಾಸರಿ ಸುಧಾರಣೆ ಶೇಕಡ 2.18 ಇತ್ತು. ಎರಡೂವರೆ ನಿಮಿಷದ ಸ್ಪರ್ಧೆಗೆ ಅದು ಮೂರು ಸೆಕೆಂಡಿಗಿಂತ ಹೆಚ್ಚು. ತಿಂಗಳುಗಟ್ಟಲೆ ಮಾಡಿದ ಕೆಲಸ ಹೊರಬರುವುದು ದಣಿವು ಇಳಿದಾಗ. ಆದರೆ ನಮ್ಮ ಕಡೆಯ ಪಾಲಕರು ಪರೀಕ್ಷೆಯ ಹಿಂದಿನ ರಾತ್ರಿ ಓದಿಸಿದಂತೆ ಸ್ಪರ್ಧೆಯ ಹಿಂದಿನ ವಾರವೇ ಹೆಚ್ಚು ಈಜಿಸಿ ಎನ್ನುತ್ತಾರೆ. ಟೇಪರ್ ವಾರದಲ್ಲಿ ಕೋಚ್‌ಗೆ ಬರುವ ಫೋನುಗಳೇ ಬೇರೆ ದಿನಗಳಿಗಿಂತ ಹೆಚ್ಚಂತೆ.

ಮಗಳ ಸಮಯ ಈಗ 2 ನಿಮಿಷ 27 ಸೆಕೆಂಡು. ನಾಲ್ಕು ಐವತ್ತುಗಳು 34, 37, 38, 38. ಮೊದಲನೆಯದು ಹಿಂದಿಗಿಂತ ಒಂದು ಸೆಕೆಂಡು ನಿಧಾನ, ಕೊನೆಯದು ಮೂರು ಸೆಕೆಂಡು ಬೇಗ. ಇದರಿಂದ ಅವಳು ರಾಷ್ಟ್ರಮಟ್ಟಕ್ಕೇನೂ ಹೋಗಿಲ್ಲ. ರಾಜ್ಯದ ಫೈನಲ್‌ಗೇ ಇನ್ನೂ ದೂರವಿದೆ. ಇದರಲ್ಲಿ ಬೆಳೆದು ಬಂದ ಎತ್ತರದ ಪಾಲೂ ಇದೆ, ನಿದ್ದೆಯ ಪಾಲೂ ಇದೆ, ಎಲ್ಲವನ್ನೂ ಗುರುವಾರದ ಸೆಟ್‌ನ ಲೆಕ್ಕಕ್ಕೆ ಬರೆಯಲಾರೆ. ಆದರೆ ಒಂಬತ್ತನೇ ತರಗತಿಗೆ ಹೋದರೂ ಈಜು ಬಿಡುವುದಿಲ್ಲ ಎಂದು ಅವಳೇ ಹೇಳಿದ್ದಾಳೆ. ನಮಗೆ ಆ ಐದು ಸೆಕೆಂಡಿಗಿಂತ ಅದು ದೊಡ್ಡ ಸುದ್ದಿ.

ಠಾಣೆ ಮತ್ತು ಹೈದರಾಬಾದಿನ ಓದುಗರಿಗೆ ನನ್ನ ಸಲಹೆ ಒಂದೇ. ಕೋಚ್ ಜೊತೆ ಜಗಳಕ್ಕಿಳಿಯುವ ಮೊದಲು ಮೂರು ಪ್ರಶ್ನೆ ಕೇಳಿ. ಇಂದಿನ ಅಭ್ಯಾಸದ ಉದ್ದೇಶವೇನು? ಅದಕ್ಕೆ ನನ್ನ ಮಗು ಯಾವ ವೇಗದಲ್ಲಿ ಈಜಬೇಕು? ವಿರಾಮ ಎಷ್ಟು, ಏಕೆ? ಮೂರಕ್ಕೂ ಸರಿಯಾದ ಉತ್ತರ ಬಂದರೆ ದೂರ ಮೂರು ಸಾವಿರವಾದರೂ ಐದು ಸಾವಿರವಾದರೂ ನಿಶ್ಚಿಂತರಾಗಿರಿ. ಉತ್ತರ ಬರೀ "ಇನ್ನೂ ಈಜಿಸಬೇಕು" ಎಂದಾದರೆ 400 ಮತ್ತು 200ರ ಪರೀಕ್ಷೆ ಮಾಡಿಸಲು ಮರ್ಯಾದೆಯಿಂದ ಕೇಳಿಕೊಳ್ಳಿ.

ಮುಂದಿನ ತಿಂಗಳು ಹಲವರು ಕೇಳಿದ ಇನ್ನೊಂದು ವಿಷಯ: ಬೆಳಗಿನ ಐದರ ಅಭ್ಯಾಸಕ್ಕೆ ಮೊದಲು ಮತ್ತು ನಂತರ ಮಕ್ಕಳಿಗೆ ಏನು ತಿನ್ನಿಸಬೇಕು, ನಮ್ಮ ಅವಲಕ್ಕಿ, ರೊಟ್ಟಿ, ಶೇಂಗಾ ಉಂಡೆ ಅದಕ್ಕೆ ಸಾಕೇ ಎಂಬುದು. ನಿಮ್ಮ ಮಕ್ಕಳ ಸಿಎಸ್‌ಎಸ್ ಅಂಕಿ ಸಿಕ್ಕರೆ ಬರೆದು ತಿಳಿಸಿ.